ಮಲ್ಲುಗ ನಾ ಆರಿಸಿ ಕೊಟ್ಟ ಹಗುರ ಮುಳ್ಳು

ಅಲ್ಲೋ ತಮ್ಮಾ, ಹಗುರ ಅದಾವ, ಮೆತ್ತಗ ಅದಾವ ಅಂತ ಆಗಿಂದ ಅದೇ ಹೇಳಾಕತ್ತಿ, ಹಲ್ಲು ಎಷ್ಟು ಉದ್ದ ಅದಾವ ಅಂತ ನೋಡಿಯೇನು? ತಾ ಇಲ್ಲಿ ಆ ಮೊಬೈಲು. ಪಟ್ಟಾ ಕಾಣ್ತದ, ಬಣ್ಣಾ ಕಾಣ್ತದ, ಹಲ್ಲೇ ಕಾಣವಲ್ದು. ಗಿಡಾ ಹತ್ತೋರು ಕಾಲಿಗಿ ಕಟ್ಟೋ ಕಬ್ಬಿಣದ ಮುಳ್ಳು ಅಂದ್ರ ಹಲ್ಲೇ ಅದರ ಜೀವ. ಕುಂದರು. ರಾಜು, ನೀನೂ ಕುಂದರು, ನೀ ಮೊದಲ ಕುಂದರಪ್ಪಾ, ಇದು ನಿಮ್ಮ ಮುತ್ಯಾ ಮಲ್ಲಪ್ಪನ ಮಾತು ಅದ. ನೀನೂ ಈ ನನ್ನ ಮೊಮ್ಮಗನೂ ಕೂಡಿ ಕರೆಂಟಿನ ತಂತಿಗಿ ತಾಗೋ ಗಿಡಾ ಸವರೋ ಗುತ್ತಿಗಿ ಹಿಡಿದೀರಿ ಅಂತ ಕೇಳಿ ನನಗ ಖುಷಿ ಆಯ್ತು. ಖುಷಿ ಅಲ್ಲ, ಸುಳ್ಳು ಯಾಕ ಹೇಳ್ಲಿ, ಅಂಜಿಕಿ ಆಯ್ತು. ನಿಮ್ಮ ಮುತ್ಯಾ ಗಿಡದ ಮ್ಯಾಲಿಂದ ಬಿದ್ದು ಸೊಂಟಾ ಮುರಕೊಂಡ, ಅದು ಅವನ ನಸೀಬ ಅಂತ ನಿಮ್ಮ ಮನಿಯಾಗ ಅಂತಾರಲ್ಲ? ನಸೀಬ ಅಲ್ಲ ಅದು. ನಾನು.

ಸುಮ್ಮ ಕೇಳು, ನಡುವ ಬಾಯಿ ಹಾಕಬ್ಯಾಡ. ನಿಜಾಮನ ರಾಜ್ಯ ಹೋಗಿ ಒಂದು ವರ್ಷ ಆಗಿತ್ತು, ವರ್ಷದ ಮ್ಯಾಲೇ ಆಗಿತ್ತೇನೋ. ರೇಷನ್ ಜ್ವಾಳಕ್ಕ ಮುಂಜಾನಿಂದ ಸಾಲಿನಾಗ ನಿಂತ್ರ ಮಧ್ಯಾಹ್ನಕ್ಕ 'ಮುಗೀತು ಹೋಗ್ರಿ' ಅಂತಿದ್ರು. ನಮ್ಮವ್ವ ಹುಣಸಿ ಬೀಜ ಹುರಿದು, ಕುಟ್ಟಿ, ಅದರ ಹಿಟ್ಟಿನಾಗ ಒಂದು ಹಿಡಿ ಜ್ವಾಳದ ಹಿಟ್ಟು ಕಲಸಿ ಬಡೀತಿದ್ಲು. ತಿಂದು ನೋಡೀರೇನು ಯಾವಾಗರೆ? ಹೊಟ್ಟಿಯಾಗ ಕಲ್ಲು ಕುಂತಂಗ ಕುಂದರ್ತದ. ನನ್ನ ತಂಗಿ ಆರು ವರ್ಷದಾಕಿ, ಎರಡು ದಿನ ಹೊರಕಡಿಗಿ ಹೋಗ್ಲಾರದ ಒದ್ದಾಡ್ತಿತ್ತು, ಆದ್ರೂ ಮತ್ತ ಅದೇ ಬೇಡ್ತಿತ್ತು. ಮಲ್ಲುನ ಮನಿಯಾಗೂ ಅದೇ ಪಾಡು. ಅವನ ಹೆಂಡತಿ, ಅಂದ್ರ ನಿಮ್ಮ ಆಯಿ, ಬಸುರಿದ್ಲು, ಹೊಟ್ಟಿಯಾಗ ನಿಮ್ಮಪ್ಪ. ನಾವಿಬ್ಬರೂ ಬೇವಿನ ಟೊಂಗಿ ಕಡಿದು ಆಡಿನವರಿಗಿ ಹಾಕ್ತಿದ್ದೆವು, ಬರಿಗಾಲಲೆ ಹತ್ತತಿದ್ದೆವು. ಗಿಡಾ ಹತ್ತೋದ್ರಾಗ ಅವ ನನಗಿಂತ ಜೋರು. ಹೌದು, ಅದನ್ನೂ ಹೇಳೇ ಬಿಡ್ತೀನಿ, ನನಗಿಂತ ಭಾಳ ಜೋರು.

ಆಗ ಹುಮನಾಬಾದಿನಿಂದ ಕಲ್ಯಾಣಕ್ಕ ತಾರು, ಅಂದ್ರ ಟೆಲಿಗ್ರಾಮಿನ ತಂತಿ, ಎಳೆಯಾಕತ್ತಿದ್ರು. ಹಾದಿ ಬಾಜೂಕ ಹುಣಸಿ ಗಿಡಾ, ನಮ್ಮ ಮುತ್ಯಾನ ಮುತ್ಯಾನ ಕಾಲದವು, ಅವುಗಳ ಟೊಂಗಿ ತೆಗೀಬೇಕು. ಕೂಲಿಯವರನ್ನ ಹಚ್ಚೋ ಮುಕಾದಮ ಬಂದು ಹೇಳಿದ, "ಬರಿಗಾಲಲೆ ಹತ್ತೋರು ಬ್ಯಾಡ, ತಡಾ ಆಗ್ತದ. ಮುಳ್ಳು ನಿಮ್ಮವೇ ತರ್ರಿ. ಇಬ್ಬರು ಬರ್ರಿ, ಮೊದಲನೇ ದಿನ ನೋಡ್ತೀನಿ, ಛಂದ ಹತ್ತಿದವ ಮ್ಯಾಲ, ಇನ್ನೊಬ್ಬ ತೆಳಗ ಟೊಂಗಿ ಎಳೀಲಿ. ದಿನದ ಕೂಲಿ ಮ್ಯಾಲಿನವಗ ಪೂರಾ ಜ್ವಾಳ, ತೆಳಗಿನವಗ ಅರ್ಧಾ." ಅರ್ಧಾ ಜ್ವಾಳಂದ್ರ ಮತ್ತ ಹುಣಸಿ ಬೀಜ, ಗೊತ್ತದಲ್ಲ?

ಇನ್ನೊಂದು ಮಾತು ಹೇಳೋದು ಬಿಟ್ಟೆ. ಅದಕ್ಕೂ ಮೊದಲ ನಾ ಒಂದು ತಿಂಗಳು ತಾರಿನ ಕಂಬಕ್ಕ ತೆಗ್ಗು ತೋಡಾಕ ಹೋಗಿದ್ದೆ. ಅಲ್ಲಿ ಹುಸೇನ ಚಾಚಾ ಅಂತ ಒಬ್ಬ ಹಿರಿಯಾ ಲೈನಮನ್ ಇದ್ದ. ಊಟಕ್ಕ ಕುಂತಾಗ ತನ್ನ ಮುಳ್ಳು ತೋರಿಸಿ ಹೇಳಿದ್ದ, "ನೋಡು ಬೇಟಾ, ಈ ಗಿಡ್ಡ ಹಲ್ಲು ಕಂಬಕ್ಕ. ಕಂಬಕ್ಕ ತೊಗಟಿ ಇರಂಗಿಲ್ಲ. ಇದನ್ನ ಕಟಗೊಂಡು ಹಳೇ ಹುಣಸಿ ಹತ್ತಿದ್ರ ಹಲ್ಲು ತೊಗಟಿಯಾಗೇ ಉಳೀತದ, ಒಳಗಿನ ಕಟ್ಟಿಗಿ ಮುಟ್ಟಂಗಿಲ್ಲ. ತೊಗಟಿ ಕಿತ್ತಿತು, ಆದ್ಮಿ ಖತಂ. ಗಿಡಕ್ಕ ಉದ್ದ ಹಲ್ಲೇ ಬೇಕು." ನನಗಷ್ಟೇ ಹೇಳಿದ್ದ. ಮಲ್ಲು ಅಲ್ಲಿ ಇರಲಿಲ್ಲ.

ಮುಳ್ಳು ತರಾಕ ಇಬ್ಬರೂ ಹುಮನಾಬಾದಿಗಿ ನಡಕೋತ ಹೋದೆವು. ರೊಕ್ಕದ ಬದಲಿ ಕೊಡಾಕ ನಾ ನಮ್ಮವ್ವನ ಬೆಳ್ಳಿ ಕಾಲ್ಗಡಗ ಒಯ್ದಿದ್ದೆ, ಮಲ್ಲು ಹೆಂಡತಿ ತವರಿಂದ ತಂದ ಹಿತ್ತಾಳಿ ಕೊಡಾ ತಲಿ ಮ್ಯಾಲ ಹೊತ್ತಿದ್ದ. ಹಳೇ ಕಬ್ಬಿಣದ ಅಂಗಡ್ಯಾಗ ಎರಡೇ ಜೋಡಿ ಇದ್ದವು. ಒಂದು ಜೋಡಿ ದಪ್ಪ ಕಬ್ಬಿಣ, ತುಕ್ಕು ಹಿಡಿದಿತ್ತು, ಪಟ್ಟಾ ಒಣಗಿ ಕೊರಡಾಗಿತ್ತು, ಆದ್ರ ಹಲ್ಲು ನನ್ನ ಕೈಬೆರಳಿನಷ್ಟು ಉದ್ದ. ಇನ್ನೊಂದು ಹಗುರ, ಒಂದ ಕೈಲೆ ಎರಡೂ ಎತ್ತಬಹುದು, ಒಳಗ ಮೆತ್ತನ ಚರ್ಮ, ಹಲ್ಲು ಗಿಡ್ಡ. ಅಂಗಡಿಯವ "ಯಾವುದರೆ ಒಯ್ರಿ, ನನಗೇನು" ಅಂದ. ಮಲ್ಲು ಹಗುರದ್ದು ಕಾಲಿಗಿ ಕಟ್ಟಿ ಅಂಗಡಿ ಮುಂದೇ ನಾಕ ಹೆಜ್ಜಿ ಕುಣಿದ. ಕುಣಿದು, ನನ್ನ ಮುಖಾ ನೋಡಿ ಕೇಳಿದ, ನೋಡ್ರಿ ಕೇಳಿದ ಅವ, ಕೇಳಲಿಲ್ಲ ಅಂತ ಅಲ್ಲ. "ತಿಪ್ಪ್ಯಾ, ನೀ ತಾರಿನವರ ಕೂಡ ದುಡಿದಾವ. ಹೇಳು, ಯಾವುದು ಛಲೋ?"

ನಾ ಏನಂದೆ ಗೊತ್ತದೇನು? "ಹಗುರದ್ದು ನೀ ತಗೋ ಮಲ್ಲ್ಯಾ, ನಿನ್ನ ಕಾಲು ಸಣ್ಣವು. ಭಾರದ್ದು ನಾ ಹ್ಯಾಂಗರೆ ಹೊರ್ತೀನಿ" ಅಂದೆ. ಅವನ ಕಣ್ಣಾಗ ನೀರು ಬಂತು. ವಾಪಸ್ ಬರೋ ಹಾದ್ಯಾಗ ನಾ ಹೆಗಲು ಬದಲಿಸೋದು ನೋಡಿ "ಭಾರ ಆಗ್ಯಾವ ನಿನಗ, ಒಂದು ಇಲ್ಲಿ ಕೊಡು" ಅಂತ ನನ್ನ ಮುಳ್ಳು ತನ್ನ ಹೆಗಲಿಗಿ ಹಾಕೊಂಡ. ಕಲ್ಯಾಣದ ತನಕ ಹೊತ್ತ. ಅವ ಸಾಯಲಿ ಅಂತ ನಾ ಬಯಸಿದ್ದಿಲ್ಲ, ಆ ಮಾತು ಖರೇ. ಜಾರ್ತಾನ, ಅಂಜಿ ಇಳೀತಾನ, ಮ್ಯಾಲಿನ ಕೆಲಸ ನನಗ ಬರ್ತದ, ಇಷ್ಟೇ ಲೆಕ್ಕ ಹಾಕಿದ್ದೆ.

ಮರುದಿನ ನಾರಾಯಣಪುರದ ಕಡಿ ತಿರುಗೋ ಹಾದಿ ಬಾಜೂಕ ಮೊದಲನೇ ಹುಣಸಿ. ಮಲ್ಲು "ನಾ ಮೊದಲ ಹತ್ತತೀನ್ರಿ" ಅಂತ ಮುಂದ ಬಂದ. ಕಾಲು ಚಾಚಿ ನನಗ ಅಂದ, "ಪಟ್ಟಾ ಸಡಲ ಅನಸಾಕತ್ತದ, ಬಿಗಿ ಮಾಡು ತಿಪ್ಪ್ಯಾ." ನಾ ಮೊಣಕಾಲು ಊರಿ ಕುಂತು ಬಿಗಿದೆ. ಈ ಕೈಲೆ ಬಿಗಿದೆ. ಆಗರೆ ಹೇಳಬಹುದಿತ್ತಲ್ಲ? ಹೇಳಲಿಲ್ಲ. ಸೊಂಟದ ಹಗ್ಗ ಬೊಡ್ಡಿಗಿ ಸುತ್ತಿ ಸರಸರ ಹೋದ ನೋಡು ಅವ, ಮುಕಾದಮ "ವ್ಹಾ" ಅಂದ. ಮೊದಲನೇ ಕವಲಿಗಿ ಬಂದಾಗ ಹಗ್ಗ ಬಿಚ್ಚಿ ಮ್ಯಾಲಿನ ಟೊಂಗಿಗಿ ಹಾಕಬೇಕಾಗ್ತದ, ನಿಮಗ ಗೊತ್ತದ. ಆ ಒಂದು ಘಳಿಗಿ ಮನುಷ್ಯಾ ಹಲ್ಲಿನ ಮ್ಯಾಲೇ ನಿಂತಿರ್ತಾನ. ಹಗ್ಗ ಬಿಚ್ಚಿದ. ಫರ್ ಅಂತ ತೊಗಟಿ ಕಿತ್ತ ಸಪ್ಪಳ ಬಂತು, ಅವ ಬಂದದ್ದು ನಾ ನೋಡ್ಲಿಲ್ಲ, ಬಿದ್ದದ್ದೇ ಕೇಳ್ತು. ಬೇರಿನ ಮ್ಯಾಲ ಬಿದ್ದಿದ್ದ, ಅಡ್ಡಾಗಿ. ಚೀರಾಕತ್ತಿದ್ದ. ಮುಕಾದಮ ಏನಂದ ಕೇಳ್ರಿ, "ಎತ್ತಿ ಬಾಜೂಕ ಇಡ್ರಿ. ಅರ್ಧಾ ದಿನ ಹೋಯ್ತು. ಇನ್ನೊಬ್ಬ ಎಲ್ಲಿದಾನ? ಹತ್ತು ನೀ."

ಹತ್ತಿದೆ. ಅದೇ ಗಿಡಾ. ಮಲ್ಲು ತೆಳಗ ಬೇವಿನ ನೆರಳಾಗ ಬಿದ್ದು "ಅವ್ವಾ, ಅವ್ವಾ" ಅನ್ನಾಕತ್ತಿದ್ದ, ಬಂಡಿ ಬರೋದು ಸಂಜಿಗಿ ಅಂದಿದ್ರು, ನಾ ಹತ್ತಿದೆ. ಕವಲಿನ ಹತ್ರ ತೊಗಟಿ ಅಂಗೈ ಅಗಲ ಕಿತ್ತು ಜೋತಾಡಾಕತ್ತಿತ್ತು, ಒಳಗಿನ ಕಟ್ಟಿಗಿ ಮ್ಯಾಲ ಒಂದು ಗೀರೂ ಇರಲಿಲ್ಲ. ಹುಸೇನ ಚಾಚಾ ಹೇಳಿದಂಗೇ ಆಗಿತ್ತು. ನನ್ನ ಭಾರದ ಮುಳ್ಳು ಮೊಣಕಾಲಿನ ತೆಳಗ ಚರ್ಮ ಸುಲೀತು, ರಗತ ಬಂತು, ಆದ್ರ ಹಲ್ಲು ಧಪ್ ಅಂತ ಒಳಗ ಹೊಕ್ಕು ನಿಂತಿತು. ಸಂಜಿಗಿ ಪೂರಾ ಜ್ವಾಳ ಒಯ್ದೆ. ನಮ್ಮವ್ವ ಬಿಳಿ ರೊಟ್ಟಿ ಬಡಿದ್ಲು, ತಂಗಿ ಎರಡು ತಿಂತು, ನಾ ನಾಕ ತಿಂದೆ. ಆ ರೊಟ್ಟಿ ಗಂಟಲಾಗ ಇಳೀಲಿಲ್ಲ ಅಂತ ಹೇಳಿದ್ರ ನಿಮಗ ಸಮಾಧಾನ ಆಗ್ತಿತ್ತು. ಇಳೀತು. ಭಾಳ ರುಚಿ ಇತ್ತು.

ಮಂಠಾಳದಿಂದ ಎಲುಬು ಕಟ್ಟಾಂವ ಬಂದು ಮುರಿದ ಸೊಂಟದ ಕೀಲಿಗಿ ಬಿದಿರಿನ ದಬ್ಬಿ ಇಟ್ಟು ಕಟ್ಟಿದ. ಕೂಡಿತು, ಸೊಟ್ಟ ಕೂಡಿತು. ಎಡಗಾಲು ಗಿಡ್ಡ ಆಗಿ ಒಳಗ ತಿರುಗಿತು. ಹಿತ್ತಾಳಿ ಕೊಡಾನೂ ಹೋಯ್ತು, ಕಾಲೂ ಹೋಯ್ತು. ಮಲ್ಲು ಕುಂತಲ್ಲೇ ಕುಂತು ಕುದುರಿ ಜೀನು, ಎತ್ತಿನ ಹೆಗಲಿನ ಗಾದಿ ಹೊಲ್ಯಾಕ ಕಲಿತ. ಒಂದಿನ ನನ್ನ ಕಾಲಿನ ಹುಣ್ಣು ನೋಡಿ "ಇದೇನೋ ತಿಪ್ಪ್ಯಾ, ಚರ್ಮೇ ಉಳದಿಲ್ಲ, ತಾ ಇಲ್ಲಿ" ಅಂತ ನನ್ನ ಕಾಲು ತನ್ನ ತೊಡಿ ಮ್ಯಾಲ ಇಟಗೊಂಡು ಅಳತಿ ತಗೊಂಡ. ಜೀನಿನ ತೆಳಗ ಹಾಕೋ ನಮದಾ, ಆ ದಪ್ಪ ಉಣ್ಣಿ ಬಟ್ಟಿ, ಕತ್ತರಿಸಿ ಎರಡು ಗಾದಿ ಹೊಲದ ಕೊಟ್ಟ. ಕಟ್ಟಿದ್ರ ಹೂವಿನಂಗ ಇದ್ದವು. ಒಂದು ತಿಂಗಳಿಗಿ ಸವೀತಿದ್ದವು. ಪ್ರತಿ ಅಮಾಸಿಗಿ ಗಿಡಾ ಹತ್ತತಿರಲಿಲ್ಲ, ಅವತ್ತು ಹೊಸ ಗಾದಿಗಿ ಅವನ ಮನಿಗಿ ಹೋಗಬೇಕು, ಅವನ ಮುಂದ ಕುಂದರಬೇಕು, ಆ ಸೊಟ್ಟ ಕಾಲಿನ ಬಾಜೂಕ ನನ್ನ ಛಲೋ ಕಾಲು ಚಾಚಬೇಕು. ನಾ ಗಿಡಾ ಹತ್ತೋದು ಬಿಡೋ ತನಕ ಹೊಲದ. ಎಷ್ಟು ದೊಡ್ಡ ಮನಸಪ್ಪಾ ಇವಂದು ಅಂತ ನಾ ಊರ ತುಂಬ ಹೇಳಿಕೋತ ತಿರುಗಿದೆ.

ಅವ ಸಾಯೋಕಿಂತ ಮೊದಲ ನನಗ ಹೇಳಿ ಕಳಿಸಿದ. ಹೋದೆ. ರಾಜು, ನೀ ಆಗಿನ್ನೂ ಹುಟ್ಟಿದ್ದಿಲ್ಲ. ಮನ್ಯಾಗಿನವರನ್ನ ಹೊರಗ ಕಳಿಸಿ ಅಂದ, "ತಿಪ್ಪ್ಯಾ, ಹಲ್ಲಿನ ಮಾತು ನನಗ ಗೊತ್ತದ."

"ಯಾವಾಗಿಂದ?" ಅಂದೆ.

"ಬಿದ್ದ ವರ್ಷದಿಂದ. ಹುಸೇನ ಚಾಚಾ ನೋಡಾಕ ಬಂದಿದ್ದ. ಮುಳ್ಳು ಕೈಯಾಗ ಹಿಡಿದು, ಇದು ಕಂಬದ್ದಪ್ಪಾ, ತಿಪ್ಪಣ್ಣಗ ನಾನೇ ಹೇಳಿದ್ದೆ, ಅವ ನಿನಗ ಹೇಳಲಿಲ್ಲೇನು ಅಂದ."

"ಮತ್ತ ಗಾದಿ ಯಾಕ ಹೊಲದ ಕೊಟ್ಟಿ ಮಾರಾಯಾ, ಇಷ್ಟು ವರ್ಷ?"

"ನೀ ತಿಂಗಳಿಗೊಮ್ಮಿ ಬಂದು ಈ ಕಾಲಿನ ಮುಂದ ಕುಂದರಲಿ ಅಂತ. ಇವತ್ತರೆ ಹೇಳ್ತಾನೇನು ಅಂತ ಪ್ರತಿ ಸಲ ನಿನ್ನ ಮಾರಿ ನೋಡ್ತಿದ್ದೆ. ಒಮ್ಮಿಯೂ ಹೇಳಲಿಲ್ಲ ನೀ. ಕಾಲು ಹೋದದ್ದು ಒಂದೇ ದಿನ, ಅದನ್ನ ಮರೆತೆ. ಇದನ್ನ ಮರೆಯಂಗಿಲ್ಲ. ಹೋಗು ಇನ್ನ." ಗ್ವಾಡಿ ಕಡಿ ಮಾರಿ ತಿರುವಿದ. ನಾ ಮಾಫ್ ಮಾಡು ಅಂದೆ, ಕಾಲು ಹಿಡಿದೆ, ಆ ಸೊಟ್ಟ ಕಾಲೇ ಹಿಡಿದೆ. ಮಾರಿ ಈ ಕಡಿ ತಿರುಗಿಸಲೇ ಇಲ್ಲ.

ಹಂಗ ನೋಡಬ್ಯಾಡ ರಾಜು. ನೋಡು, ನೋಡಬ್ಯಾಡ ಅನ್ನಾಕ ನಾ ಯಾವನು. ಹಗುರ ಇರಲಿ, ಮೆತ್ತಗ ಇರಲಿ, ನಾ ಬ್ಯಾಡ ಅನ್ನಂಗಿಲ್ಲ, ಆದ್ರ ಹಲ್ಲು ಉದ್ದ ಇರಬೇಕು. ಮತ್ತ ನೀವಿಬ್ಬರೂ ಕೂಡಿ ದುಡಿಯೋರು, ಒಬ್ಬಗ ಗೊತ್ತಿದ್ದದ್ದು ಇನ್ನೊಬ್ಬಗ ಪಟ್ಟಾ ಬಿಗಿಯೋಕಿಂತ ಮೊದಲ ಹೇಳಬೇಕು, ಬಿಗಿದ ಮ್ಯಾಲ ಅಲ್ಲ. ಏಳ್ರಿ, ಆ ಅಂಗಡಿಯವಗ ಫೋನ್ ಹಚ್ಚಿ ಹಲ್ಲಿನ ಅಳತಿ ಕೇಳ್ರಿ. ರಾಜು, ನೀನೇ ಕೇಳಪ್ಪಾ. ನನ್ನ ಮಾತು ನಂಬಬ್ಯಾಡ.