ಹಿಂದೆ ಬಿಸಿ!

ವೇದಿಕೆಯ ನಡುವೆ ಕುಳಿತಿರುವ ಅಧ್ಯಕ್ಷರೇ, ಅವರ ಎಡಬಲದ ಅತಿಥಿಗಳೇ, ಹೋಟೆಲು, ಕ್ಯಾಂಟೀನು, ಲಾಡ್ಜುಗಳ ಕೆಲಸ ಮುಗಿಸಿ, ಊರಿಗೆಲ್ಲ ಬಡಿಸಿ, ತಾವಿನ್ನೂ ಊಟ ಮಾಡದೆ ಬಂದು ಕುಳಿತಿರುವ ಸಭಿಕರೇ,

ಹೋಟೆಲ್ ಕೆಲಸಗಾರರ ತುರ್ತು ನೆರವು ನಿಧಿಯ ಈ ವಾರ್ಷಿಕೋತ್ಸವದಲ್ಲಿ, ನೆರವು ಪಡೆದ ಮನೆಗಳ ಪರವಾಗಿ ನಾನು ಎರಡು ಮಾತು ಆಡಬೇಕಂತೆ. "ಅಮ್ಮಾ, ಥ್ಯಾಂಕ್ಸ್ ಹೇಳಿ ಇಳಿದುಬಿಡಿ, ಸಾಕು" ಎಂದು ನಿರೂಪಕರು ಮೆಟ್ಟಿಲ ಮೇಲೇ ಪಿಸುಗುಟ್ಟಿದರು. ಇಳಿಯುತ್ತೇನಪ್ಪಾ. ಮಂಡಿನೋವಿನವಳು, ಹತ್ತುವುದಕ್ಕೂ ಹೊತ್ತು ಬೇಕು, ಇಳಿಯುವುದಕ್ಕೂ ಹೊತ್ತು ಬೇಕು.

ಮೊದಲು ಕೃತಜ್ಞತೆ. ನನ್ನ ಸೊಸೆಯ ಬಲಗೈ ಹೆಗಲವರೆಗೆ ಸುಟ್ಟಾಗ ಆಸ್ಪತ್ರೆಯ ಖರ್ಚು ನೋಡಿಕೊಂಡವರು ನೀವು. ನಮ್ಮ ಮನೆ ಬಾಡಿಗೆ ಕಟ್ಟಿದವರು ನೀವು. ಟಿಪ್ಸಿನಲ್ಲಿ ಒಂದು ಪಾಲನ್ನು ನಿಧಿಯ ಡಬ್ಬಿಗೆ ಹಾಕುವ ಸಪ್ಲೈಯರುಗಳಿಗೆ, ಪಾತ್ರೆ ತೊಳೆಯುವ ಹೆಂಗಸರಿಗೆ ಈ ಮುದುಕಿ ಕೈ ಮುಗಿಯುತ್ತಾಳೆ. ನಾನು ಸುಲಭಕ್ಕೆ ಕೈ ಮುಗಿಯುವವಳಲ್ಲ. ಬೇಕಾದರೆ ನನ್ನ ಬೀಗರನ್ನು ಕೇಳಿ.

ಆದರೆ ಅವಳು ಸುಟ್ಟುಕೊಂಡದ್ದು ಹೇಗೆ? ನನಗಿಂತ ಮೊದಲು ಮಾತಾಡಿದ ಗಣ್ಯರು ದುರದೃಷ್ಟ ಎಂದರು, ವಿಧಿ ಎಂದರು. ಈ ವಿಧಿ ಯಾವ ಹೋಟೆಲಿನಲ್ಲಿ ಕೆಲಸಕ್ಕಿದ್ದಾನೆ ಸ್ವಾಮಿ?

ಹೈಸ್ಕೂಲು ಮುಗಿಸಿದ ವರ್ಷವೇ ನಾನು ಹೋಟೆಲಿನ ಅಡುಗೆಮನೆ ಸೇರಿದೆ. ಅಲ್ಲಿನ ಹಿರಿಯ ಅಡುಗೆಯವರು ಮೊದಲು ಕಲಿಸಿದ್ದು ಈರುಳ್ಳಿ ಹೆಚ್ಚುವುದನ್ನಲ್ಲ, ಕೂಗುವುದನ್ನು. ಬಿಸಿ ಪಾತ್ರೆ ಹೊತ್ತು ಒಬ್ಬರ ಬೆನ್ನ ಹಿಂದೆ ಹಾಯುವಾಗ "ಹಿಂದೆ ಬಿಸೀ!" ಎಂದು ಕೂಗಬೇಕು. ಕೇಳಿದವರು ಇದ್ದಲ್ಲೇ ನಿಲ್ಲಬೇಕು. "ಗಂಟಲು ಮನೇಲಿ ಬಿಟ್ಟು ಬಂದಿದ್ದೀಯೇನೇ? ಇನ್ನೊಂದ್ಸಲ ಕೂಗು!" ಎಂದು ಗದರಿ ಗದರಿ ಅವರು ನನ್ನನ್ನು ತಯಾರು ಮಾಡಿದರು.

ಮನೆಯ ವಿಷಯ ಬೇರೆ. ನನ್ನ ಮನೆಯಲ್ಲಿ ಸೊಸೆಯ ಧ್ವನಿ ಹೊಸಿಲು ದಾಟಿದ್ದಿಲ್ಲ. ಅದು ಶಿಸ್ತು. ಬಂದ ಹೊಸದರಲ್ಲಿ ಒಮ್ಮೆ ಜೋರಾಗಿ ನಕ್ಕಳು. ನಾನು ತಿರುಗಿ ನೋಡಿದೆ, ಅಷ್ಟೇ. ಮತ್ತೆ ಹಾಗೆ ನಗಲಿಲ್ಲ. ಇರಲಿ, ಎಲ್ಲಿದ್ದೆ ನಾನು?

ಹಾಂ, ಕೂಗು. ನಮ್ಮ ಅಧ್ಯಕ್ಷರು, ಅಂದರೆ ನನ್ನ ಸೊಸೆ ದುಡಿಯುವ ಹೋಟೆಲಿನ ಮಾಲೀಕರು, ಅಡುಗೆಮನೆಯ ಗೋಡೆ ಒಡೆಸಿದರು. ಗಿರಾಕಿಗಳು ಒಲೆಯ ಬೆಂಕಿ ನೋಡುತ್ತಾ ಊಟ ಮಾಡಬೇಕಂತೆ. ಮಾಡಲಿ. ಆದರೆ ಅವರಿಗೆ ಕೂಗು ಕೇಳಿಸಬಾರದಂತೆ! "ಸಂತೆ ಥರ ಕಿರುಚಬೇಡಿ. ಮುಂದಿರೋರ ಭುಜ ಮುಟ್ಟಿ ದಾಟಿ" ಎಂದು ಅಪ್ಪಣೆಯಾಯಿತು. ಅಧ್ಯಕ್ಷರೇ, ಕುದಿಯುವ ಸೂಪಿನ ಪಾತ್ರೆಯನ್ನು ಎರಡು ಕೈಯಲ್ಲಿ ಹಿಡಿದವನು ಯಾವ ಕೈಯಿಂದ ಭುಜ ಮುಟ್ಟಬೇಕು? ಮೂರನೆಯ ಕೈಯನ್ನು ನಿಮ್ಮ ಸ್ಟೋರ್ ರೂಮಿನಿಂದ ತರಿಸಿಕೊಡುತ್ತೀರಾ?

ನಗಬೇಡಿ. ಅಂದು ಪಾತ್ರೆ ಹೊತ್ತವನು ಬಾಯಿ ಮುಚ್ಚಿಕೊಂಡು ಬಂದ. ಅವಳು ತಿರುಗಿದಳು. ಕುದಿಯುವ ಸೂಪು ಮೈಮೇಲೆ ಬಿದ್ದಾಗಲೂ ಅವಳು ಕಿರುಚಲಿಲ್ಲವಂತೆ. ಊಟಕ್ಕೆ ಕುಳಿತವರು ತಟ್ಟೆಯಿಂದ ತಲೆ ಎತ್ತಲಿಲ್ಲವಂತೆ. "ಬಾಯಿ ಬಿಟ್ಟು ಕಿರುಚೋಕೇನಾಗಿತ್ತೇ ನಿನಗೆ?" ಎಂದು ಆಸ್ಪತ್ರೆಯಲ್ಲಿ ಕೇಳಿದೆ. "ಅಭ್ಯಾಸ ತಪ್ಪೋಗಿದೆ ಅತ್ತೆ" ಎಂದಳು. ಮಾಲೀಕರ ಭಯ ಎಷ್ಟು ಆಳಕ್ಕೆ ಇಳಿದಿದೆ ನೋಡಿ!

ಒಂದು ಕೈಯಿಂದ ಬಾಯಿ ಮುಚ್ಚಿಸಿ ಇನ್ನೊಂದು ಕೈಯಿಂದ ಮುಲಾಮು ಕೊಡುವುದು ಯಾವ ಸೀಮೆಯ ದಾನ? ನಿಧಿ ಬೇಡ ಎನ್ನುತ್ತಿಲ್ಲ. ಅದಿಲ್ಲದಿದ್ದರೆ ನಾವು ಬೀದಿಯಲ್ಲಿರುತ್ತಿದ್ದೆವು. ಆದರೆ ಸೋಮವಾರ ಅವಳು ಮತ್ತೆ ಅದೇ ಒಲೆಯ ಮುಂದೆ ನಿಲ್ಲಬೇಕು. ಆ ಅಪ್ಪಣೆ ಇನ್ನೂ ಹಾಗೇ ಇದೆ. ಮುಂದಿನ ವರ್ಷ ಇದೇ ಮೈಕಿನ ಮುಂದೆ ಇನ್ಯಾರ ಅತ್ತೆಯನ್ನು ತಂದು ನಿಲ್ಲಿಸುತ್ತೀರಿ? ಅಪ್ಪಣೆ ರದ್ದಾಯಿತು ಎಂದು ಇಲ್ಲೇ, ಎಲ್ಲರೆದುರು ಹೇಳಿ ಅಧ್ಯಕ್ಷರೇ. ಹೇಳುವಿರಾ?

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ನೋಡಲಿ.

ಮೂರನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತವಳೇ, ತಲೆ ಎತ್ತು. ನಿನಗೇ ಹೇಳುತ್ತಿರುವುದು. ಸೋಮವಾರ ಇವರು ಒಪ್ಪಿದರೂ ಕೂಗು, ಒಪ್ಪದಿದ್ದರೂ ಕೂಗು. ಕೆಲಸದಿಂದ ತೆಗೆದರೆ ನೆಟ್ಟಗೆ ಮನೆಗೆ ಬಾ. ಮನೆಯಲ್ಲೂ ಕೂಗು. ಬೀದಿಗೆ ಕೇಳಿಸಿದರೆ ಕೇಳಿಸಲಿ, ಬೀದಿಗೆ ಉತ್ತರ ನಾನು ಹೇಳುತ್ತೇನೆ.

ಡಬ್ಬಿಗೆ ಹಾಕಿದ ಒಂದೊಂದು ಕೈಗೂ ನಮ್ಮ ಮನೆ ಋಣಿ. ನಿರೂಪಕರೇ, ಸ್ವಲ್ಪ ಕೈ ಕೊಡಿ, ಇಳಿಯುತ್ತೇನೆ. ಎಲ್ಲರಿಗೂ ನಮಸ್ಕಾರ.