ಒಳ್ಳೇರ ಪೈಕಿ

...ಏಳ್ಬ್ಯಾಡಿ ಅಳಿಯಂದ್ರೆ, ಕುಂತ್ಕಳಿ! ಅತ್ತೆ ಮನೇಗ್ ಬಂದು ಕಾಫಿ ಕುಡೀದೆ ಏಳೋದುಂಟಾ? ಬತ್ತಾಳೆ ನಿಮ್ ಹೆಂಡ್ತಿ, ಎಲ್ಲಿಗೋದಾಳು? ತಲೆಗೆ ಎಣ್ಣೆ ಇಟ್ಟಿದ್ದೆ, ನೀರಾಕ್ಕಂಡು ಒಳಗೆ ಸಿಕ್ಕು ಬಿಡಿಸ್ಕತಾವ್ಳೆ. ಅವಳ ಕೂದಲು ಗೊತ್ತಲ್ಲ ನಿಮಗೆ... ವನಿತಾ, ಬಿರ್ರನೆ ಬಾರೇ, ನಿನ್ ಗಂಡ ಕಾಯ್ತಾವ್ರೆ! ನೋಡಿ, ಕೂಗಿದ್ದೂ ಆಯ್ತು.

ಬಸ್ಸಾ? ತುರುವೇಕೆರೆಗೆ ಇದೊಂದೇ ಬಸ್ಸಾ? ಇದು ಹೋದ್ರೆ ಇನ್ನೊಂದು. ಗೌರಿಹಬ್ಬಕ್ಕೆ ಬಂದ ಮಗಳನ್ನ ಮಡ್ಲಕ್ಕಿ ಕಟ್ಟದೆ ಕಳಿಸ್ಲಾ ನಾನು? ಒಂದ್ ಗಿಟುಕು ಕೊಬ್ಬರಿ, ಒಂದ್ ಅಚ್ಚು ಬೆಲ್ಲ ಬ್ಯಾಡ್ವಾ?

ಅದೇನ್ ನೋಡ್ತೀರಿ? ಗೂಡಿನಾಗಿರೋ ಪುಸ್ತಕಾನಾ? ನಂದೇ ಕಣ್ರೀ. ತಿಪಟೂರ್ ಲೈಬ್ರರೀದು. ಯಾಕೆ ನಗ್ತೀರಿ? ಸಿದ್ದಮ್ಮ ಕಾದಂಬರಿ ಓದ್ತಾಳೆ ಅಂದ್ರೆ ನಗು ಬತ್ತದಾ? ನೀವು ಮಾತ್ರ ನಗಂಗಿಲ್ಲ, ಕಲಿಸ್ದೋರೇ ನೀವು! ಸಾಕ್ಷರತೆ ಅಂತ ಈ ಅರಳಗುಪ್ಪೇಲಿ ಮನೆಮನೆ ತಿರುಗಿ ಹೆಂಗಸ್ರನ್ನ ಕೂರಿಸ್ಕಂಡಿದ್ರಲ್ಲ... ಬಳಪ ಹಿಡಿದ್ರೆ ಪಟಕ್ಕಂತ ಮುರ್ದೋಗೋದು. ಕುಡುಗೋಲು ಹಿಡಿದ ಕೈ! ನೀವು ರೇಗ್ಲಿಲ್ಲ. "ಸಿದ್ದಮ್ಮನೋರೇ" ಅಂದ್ರಿ. ಹುಟ್ಟಿದಾಗಿಂದ ನನ್ನ ಯಾರೂ 'ನೋರೇ' ಅಂದಿರ್ಲಿಲ್ಲ ಕಣ್ರೀ. ಸತ್ತೋದ ನಮ್ ಯಜಮಾನ್ರೂ ಅಂದೋರಲ್ಲ. ಅವತ್ತೇ ತೀರ್ಮಾನ ಮಾಡ್ಬುಟ್ಟೆ. ಈ ಮೇಷ್ಟ್ರು ಒಳ್ಳೇರು, ನನ್ ಮಗಳನ್ನ ಇವರಿಗೇ ಕೊಡೋದು ಅಂತ.

ನಂಗೇನ್ ಗೊತ್ತಿತ್ತು ಹೇಳಿ? ನಂತಾವ ಇದ್ದಿದ್ದೇ ಎರಡು ಪೈಕಿ. ಕುಡಿಯೋರು ಕೆಟ್ಟೋರು, ಕುಡೀದಿರೋರು ಒಳ್ಳೇರು. ಅದ್ರಾಗೂ ಓದ್ದೋರು ಅಂದ್ರೆ ಮುಗೀತು, ದೇವರ ಪಕ್ಕಕ್ಕೇ ಮಣೆ!

ಚಿಕ್ಕರಂಗಯ್ಯ ಗೊತ್ತಲ್ಲ, ಎಳನೀರು ಟೆಂಪೊ ಓಡಿಸ್ತಾನೆ, ಹೊತ್ತು ಮುಳುಗಿದ್ರೆ ತೂರಾಡ್ತಾನೆ. ಅವನನ್ನ ಜಗುಲಿ ಹತ್ತಿಸ್ತಿರ್ಲಿಲ್ಲ ನಾನು. ಹೋದ್ವರ್ಷ ಬಂದು ಅಂಗಳದಾಗೆ ನಿಂತ್ಕಂಡ. "ಅಕ್ಕಯ್ಯಾ, ತುರುವೇಕೆರೇಲಿ ನಿಮ್ ವನಿತಾನ ನಲ್ಲಿ ತಾವ ಕಂಡೆ. ಮಾತಾಡ್ಸಿದ್ರೆ ಹಿಂದೆ ಮುಂದೆ ನೋಡ್ತದೆ ಕೂಸು. ಏನೋ ಸರಿಯಿಲ್ಲ" ಅಂದ. ಏನ್ ಮಾಡ್ದೆ ಗೊತ್ತಾ ನಾನು? ಪೊರಕೆ ತಗಂಡೆ! ಕುಡುಕ ಮುಂಡೇದೇ, ನಮ್ ಮೇಷ್ಟ್ರ ಮೇಲೆ ಬಾಯಿ ಬಿಡ್ತೀಯಾ ಅಂತ...

ಹೂಂ, ನೀವೂ ಅದೇ ಅನ್ನಿ. ಕುಡುಕನ ಮಾತಿಗೆ ಏನ್ ಬೆಲೆ. ಸರಿ ಬುಡಿ... ಉಪ್ಪಿಟ್ಟು ತಿನ್ನಿ, ಆರೋಗ್ತದೆ. ಉಪ್ಪು ಹದವಾಗೈತಾ? ಸರಿಯಾಗಿ ನೋಡಿ ಹೇಳಿ. ಉಪ್ಪಿನ ವಿಚಾರದಾಗೆ ನೀವು ಬೋ ಕಟ್ಟುನಿಟ್ಟಂತೆ... ಯಾರು ಹೇಳಿದ್ದಾ? ಯಾರೋ ಹೇಳಿದ್ರು ಬುಡಿ.

ಆ ಪುಸ್ತಕದ ಕತೆ ಕೇಳಿ. ಅದ್ರಾಗೆ ಒಬ್ಬ ವಕೀಲ. ಊರಿಗೆಲ್ಲ ಬೇಕಾದೋನು, ಮಾತಾಡಿದ್ರೆ ಜೇನು. ಭಿಕ್ಷುಕ್ರನ್ನೂ ಬನ್ನಿ, ಹೋಗಿ ಅಂತಾನೆ. ಆಹಾ, ಥೇಟು ನಮ್ಮಳಿಯನಂಗೇ ಅವ್ನಲ್ಲ ಅಂತ ಹಿಗ್ಗಿದೆ ಕಣ್ರೀ! ನಿಮ್ಮಾಣೆಗೂ! ಬೆರಳಿಟ್ಕಂಡು ಓದೋಳು ನಾನು, ಒಂದೊಂದೇ ಅಕ್ಷರ... ಆಮೇಲೆ ಅವನ ಹೆಂಡ್ತಿ ಬತ್ತಾಳೆ. ತಟ್ಟೆ ಬಿದ್ದ ಸದ್ದಿಗೆ ಬೆಚ್ಚಿಬಿದ್ದು ಗೋಡೆಗೆ ಅಂಟ್ಕತಾಳೆ. ಯಾಕಪ್ಪಾ? ಗಂಡ ದೇವ್ರಂಥೋನು, ಇವಳ್ಯಾಕೆ ಬೆಚ್ತಾಳೆ? ತಿರುಗಾ ಓದ್ದೆ. ಬರೆದೋನು ಬಾಯಿ ಬಿಟ್ಟಿರ್ಲಿಲ್ಲ. ನೀನೇ ತಿಳ್ಕೊ ಅಂತ ಬುಟ್ಟಿದ್ದ.

ಹಬ್ಬದ ಹಿಂದಿನ ದಿನ ವನಿತಾ ಬಂದ್ಲಲ್ಲ. ಒಲೆ ಮುಂದೆ ಒಬ್ಬಟ್ಟಿನ ಕಣಕ ನಾದ್ತಾ ಇದ್ಲು. ನನ್ ಕೈಯಿಂದ ಒಂದು ಮುಚ್ಚಳ ಜಾರ್ತು. ಮುಚ್ಚಳ ಅಷ್ಟೆ! ಅಯ್ಯೋ ಅಳಿಯಂದ್ರೆ... ತಲೆ ಮೇಲೆ ಎರಡೂ ಕೈ ಇಟ್ಕಂಡು ಕುಕ್ಕರಿಸ್ಬುಡ್ತು ಕೂಸು! "ನಾನಲ್ಲ, ನಾನ್ ಬೀಳಿಸ್ಲಿಲ್ಲ" ಅಂತು. ತವರುಮನೇಲಿ! ನನ್ ಮುಂದೆ!

ಏನಂದ್ರಿ? ಪುಕ್ಕಲು ಸ್ವಭಾವ ಅವಳ್ದು ಅಂತ್ಲಾ? ನನ್ ಮಗಳ್ದಾ? ಲಂಗ ಉಡೋ ವಯಸ್ನಾಗೆ ನಾಗರಹಾವಿನ ಮೇಲೆ ಮಂಕರಿ ಕವುಚಾಕಿ, ಅದ್ರ ಮೇಲೆ ಕುಂತ್ಕಂಡು "ಅವ್ವಾ ಬಾರೇ" ಅಂತ ಕೂಗಿದ್ದೋಳು!

ಬೆಳಗಾಗೆದ್ದು ಎಣ್ಣೆನೀರು ಹಾಕಕ್ಕೆ ಕೂರಿಸ್ದೆ. ರವಿಕೆ ಬಿಚ್ಚಲ್ಲ ಅಂದ್ಲು. ಹೆತ್ತವ್ವನ ಮುಂದೆ ಏನೇ ನಾಚ್ಕೆ ಅಂತ ನಾನೇ ಬಿಚ್ಚಿದೆ...

ಎಣ್ಣೆ ಸಿಡೀತಾ? ಒಲೆ ಕಡೆ ಮುಖ ಮಾಡಿ ನಿಂತೋಳಿಗೆ ಬೆನ್ನಿಗೆ ಸಿಡೀತದಾ ಮೇಷ್ಟ್ರೇ? ಸೌಟಿನ ಆಕಾರದಾಗೆ ಸಿಡೀತದಾ? ಸೆರಗು ಮುಚ್ಚೋ ಜಾಗ ನೋಡ್ಕಂಡು, ನೋಡ್ಕಂಡು ಸಿಡೀತದಾ? ಸಾರಿಗೆ ಒಂದ್ ಕಲ್ಲು ಉಪ್ಪು ಜಾಸ್ತಿ ಬಿದ್ದಿದ್ದಕ್ಕಾ?

ಕುಂತ್ಕ. ಕುಂತ್ಕಳಯ್ಯಾ, ಎಲ್ಲಿಗೆ ಏಳ್ತೀಯ? ಹೂಂ, ಏಕವಚನವೇ. ಊರೋರು ಕೇಳಿಸ್ಕಂತಾರೆ ಅಂತ್ಲಾ? ಕೇಳಿಸ್ಕಳ್ಳಲಿ! ಪಕ್ಕದ್ಮನೆ ಹುಚ್ಚರಂಗಯ್ಯನೋರೂ ಕೇಳಲಿ, ಎದುರುಮನೆ ನಿಂಗಮ್ಮನೂ ಕೇಳಲಿ!

ಓಹೋ... ಅಳ್ತೀಯಾ? ಅಳು. ಅದೂ ಐತೆ ಪುಸ್ತಕದಾಗೆ. ಅವನೂ ಅಳ್ತಾನೆ, ಕಾಲಿಗೆ ಬೀಳ್ತಾನೆ. ಅವಳು ವಾಪಸ್ ಹೋಗ್ತಾಳೆ. ಅಲ್ಲಿಂದಾಚೆಗೆ ಓದಕ್ಕೆ ಮನಸ್ಸು ಬರ್ಲಿಲ್ಲ ನಂಗೆ.

ಸುಳ್ಳು ಯಾಕೆ ಹೇಳ್ಲಿ? ಈ ಕಾಫೀಗೆ ವಿಷ ಬೆರಸಾಣ ಅನ್ನಿಸ್ತು. ಇಲಿಗೆ ಇಡೋದು ಅಟ್ಟದ ಮೇಲೇ ಐತೆ, ಕೊಬ್ಬರಿ ಹಾಕೋ ಜಾಗದಾಗೆ... ಲೋಟ ಯಾಕೆ ಕೆಳಗಿಟ್ಟೆ? ಬೆರಸಿಲ್ಲ, ಕುಡಿ. ಬೆರಸಿದ್ರೆ ಊರೆಲ್ಲ ಏನಂತದೆ ಹೇಳು? ಪಾಪ, ಎಂಥಾ ಒಳ್ಳೇ ಮೇಷ್ಟ್ರು, ಆ ರಾಕ್ಷಸಿ ಕೊಂದ್ಬುಟ್ಲು ಅಂತದೆ. ಒಳ್ಳೇರ ಪೈಕಿ ಸಾಯ್ತೀಯ ನೀನು! ಅದಾಗ್ಬಾರ್ದು. ನೀನು ಬದುಕ್ಬೇಕು. ನೂರು ವರ್ಷ ಬದುಕ್ಬೇಕು. ನೀನ್ಯಾವ ಪೈಕಿ ಅಂತ ಸಂತೆಗೆಲ್ಲ ಗೊತ್ತಾಗಿ, ಸ್ಕೂಲ್ ಮಕ್ಕಳಿಗೂ ಗೊತ್ತಾಗಿ, ಆಮ್ಯಾಕೆ ಬದುಕ್ಬೇಕು!

ಏನು? ಅವಳನ್ನೇ ಕೇಳ್ತೀಯಾ? ಅವಳ ಬಾಯಲ್ಲೇ ಹೇಳಿಸ್ತೀಯಾ? ಕೂಗು ಮತ್ತೆ. ಗಟ್ಟಿಯಾಗಿ ಕೂಗು...

ಇನ್ನೊಂದ್ಸಲ ಕೂಗು.

...ಯಾಕೆ? ಈಗ ಒಳಬಾಗ್ಲನ್ನೇ ನೋಡ್ತೀಯಲ್ಲ? ಒಂದು ಬಳೆ ಸದ್ದೂ ಬರ್ಲಿಲ್ವಲ್ಲ ಅಂತ್ಲಾ?

ಹೂಂ. ಒಳಗ್ಯಾರೂ ಇಲ್ಲ.

ಹೊತ್ತಾರೆ ಕೋಳಿ ಕೂಗಕ್ಕೆ ಮುಂಚೇನೇ ಹೋದ್ಲು, ಚಿಕ್ಕರಂಗಯ್ಯನ ಟೆಂಪೋಲಿ. ತಿಪಟೂರಿಗೆ. ಮೊದ್ಲು ಆಸ್ಪತ್ರೆ, ಆಮೇಲೆ ಸ್ಟೇಷನ್ನು. ಡಾಕ್ಟ್ರಿಗೆ ಬೆನ್ನು ತೋರಿಸಕ್ಕೆ ನಾಚ್ಕೆ ಆಗ್ತದೆ ಕಣವ್ವಾ ಅಂದ್ಲು. ನಾಚ್ಕೆ ಪಡ್ಬೇಕಾದೋನು ಇವತ್ತು ಇಲ್ಲಿಗೇ ಬತ್ತಾನೆ, ನಾನು ನೋಡ್ಕತೀನಿ, ನೀನು ಹೋಗೇ ಅಂದೆ. ಪೋಲೀಸ್ನೋರು ಬರಗಂಟ ನಿನ್ನ ಜಗುಲಿ ಇಳೀದಂಗೆ ಹಿಡಕಬೇಕಿತ್ತು. ಅದಕ್ಕೇ ಇಷ್ಟು ಮಾತಾಡ್ದೆ. ಇಲ್ದಿದ್ರೆ ನಿನ್ ಜೊತೆ ನಂಗೇನಯ್ಯಾ ಮಾತು?

ಅಗೋ, ಕೆರೆ ಏರಿ ಮೇಲೆ ಜೀಪು ತಿರುಗ್ತು.

ಈಗ ನೀನ್ ಮಾತಾಡು, ನಾನು ಕೇಳ್ತೀನಿ... ಮಾತಾಡಯ್ಯಾ!