ಕನ್ನಡಕದಂಗಡಿಯ ಮುಂದೆ ನಿಂತಿದ್ದ ಸೈಕಲ್ಲು

ದಾರದಮ್ಮನವರ ಮಗಳೇ, ಅವರ ತಮ್ಮನವರೇ, ನಮ್ಮ ಬೀದಿಯ ಅಂಗಡಿಗಳ ಒಡೆಯರೇ, ಕೆಲಸಗಾರರೇ, ಗಿರಾಕಿಗಳಾಗಿ ಬಂದು ನಂಟರಾಗಿ ಉಳಿದವರೇ, ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಕ್ಷಮೆ ಕೇಳಬೇಕಾಗಿದೆ. ಹೋದ ವಾರ ವರ್ತಕರ ಸಂಘದ ಪರವಾಗಿ ಈ ಮಗಳಿಗೆ ಸಂತಾಪಪತ್ರವೊಂದನ್ನು ಕಳುಹಿಸಿದೆವು. ಬರೆದವನು ನಾನು, ಅಚ್ಚಾದದ್ದು ನನ್ನ ಮುದ್ರಣಾಲಯದಲ್ಲಿ. "ತಮ್ಮ ತಾಯಿಯವರು ನಮ್ಮೆಲ್ಲರ ನಡುವೆ ಕೊನೆಯುಸಿರೆಳೆದರು" ಎಂದು ಅದರಲ್ಲಿ ಬರೆದಿದ್ದೆ. ಇಂಥ ಪತ್ರಗಳಲ್ಲಿ ಹಾಗೆ ಬರೆಯುವುದು ವಾಡಿಕೆ, ಕೈ ತಾನಾಗಿಯೇ ಬರೆದುಬಿಡುತ್ತದೆ. ಆದರೆ ಅದು ನಿಜವಲ್ಲ. ಅವರು ನಮ್ಮ ನಡುವೆ ಇರಲಿಲ್ಲ. ಒಬ್ಬರೇ ಇದ್ದರು.

ಪತ್ರ ತಲುಪಿದ ದಿನವೇ ಮಗಳು ಅದನ್ನು ಹಿಡಿದುಕೊಂಡು ನನ್ನಲ್ಲಿಗೆ ಬಂದರು. "ಮಾಮ, ನೀವೆಲ್ಲ ಅಮ್ಮನ ಸುತ್ತ ಇದ್ರಿ ಅಂತ ಬರೆದಿದ್ದೀರಿ. ಇಡೀ ಮಧ್ಯಾಹ್ನ ಒಬ್ಬರಾದ್ರೂ 'ಅಮ್ಮ ಎಲ್ಲಿ' ಅಂತ ಕೇಳಿದ್ರಾ? ಅಷ್ಟು ಹೇಳಿ, ಸಾಕು. ಅದು ತಿಳೀದೆ ನನಗೆ ಈ ಬೀದೀಲಿ ತಲೆ ಎತ್ತಿ ನಡೆಯೋಕಾಗಲ್ಲ, ನಿಮ್ಮ ಯಾರ ಮುಖಾನೂ ನೋಡೋಕಾಗಲ್ಲ" ಎಂದರು.

ಸಭೆಯಲ್ಲಿ, ಎಲ್ಲರ ಎದುರಿನಲ್ಲಿ ಹೇಳುತ್ತೇನೆ ಎಂದು ಮಾತು ಕೊಟ್ಟೆ. ಆದ್ದರಿಂದ ಇಂದಿನ ನನ್ನ ಭಾಷಣವೆಲ್ಲ ಆ ಒಂದು ಪ್ರಶ್ನೆಗೆ ಉತ್ತರ. ಸಭಿಕರು ಮನ್ನಿಸಬೇಕು.

ನಮ್ಮ ಬೀದಿ ಎಂಥದೆಂದು ನಿಮಗೆ ಗೊತ್ತು. ಬಸ್ಸು ಬಸ್ಸಿನ ಬೆನ್ನು ತಿವಿಯುತ್ತಿರುತ್ತದೆ. ಕಾರು ನಿಲ್ಲಿಸಲು ಎಡೆಯಿಲ್ಲ, ನಡೆಯಲು ಅಂಚಿಲ್ಲ. ಎದುರಂಗಡಿಯವರನ್ನು ದಿನವೂ ಕಾಣುತ್ತೇವೆ, ಮಾತನಾಡಿ ತಿಂಗಳಾಗಿರುತ್ತದೆ. ಇಂಥ ಬೀದಿಯನ್ನು ಒಂದು ಬೀದಿಯಾಗಿ ಹೊಲಿದಿಟ್ಟವರು ದಾರದಮ್ಮ. ನಾಲ್ಕು ಮಂದಿ ನಿಂತರೆ ಐದನೆಯವರು ಹೊಸ್ತಿಲ ಹೊರಗೇ ಉಳಿಯಬೇಕಾದ ಅಂಗಡಿ ಅವರದು. ದಾರ, ಗುಂಡಿ, ಸೂಜಿ, ಅಂಚುಪಟ್ಟಿ. ಹೊರಗೆ ಗಂಡ ಬಿಟ್ಟುಹೋದ ಸೈಕಲ್ಲು, ಅದರ ಮುಂದೊಂದು ತಂತಿಬುಟ್ಟಿ. ಮೇಲ್ಮಹಡಿಯ ದರ್ಜಿಗೆ ಕಪ್ಪು ದಾರ ಬೇಕೇ, ನನ್ನ ಕರಡಚ್ಚು ಎದುರುಬದಿಗೆ ಹೋಗಬೇಕೇ, ಮೊಣಕಾಲು ನೋವಿನ ಅಜ್ಜಿಯೊಬ್ಬರಿಗೆ ರಿಪೇರಿಯಾದ ಕನ್ನಡಕ ಮುಟ್ಟಬೇಕೇ — ಎಲ್ಲ ಆ ಬುಟ್ಟಿಯಲ್ಲಿ.

ಒಮ್ಮೆ ಲಾರಿಯವನೊಬ್ಬ ಅವರ ಹಿಂದೆ ಬಂದು ಒಂದೇ ಸಮನೆ ಹಾರನ್ ಒತ್ತಿದ. "ಏನಮ್ಮಾ, ರಸ್ತೆ ನಿಮ್ಮಪ್ಪಂದಾ?" ಎಂದು ಕೂಗಿದ. ದಾರದಮ್ಮ ಹೀಗೆ — ಒಂದು ಕಾಲೂರಿ, ಹೀಗೆ ಕತ್ತು ಹೊರಳಿಸಿ, "ಅಲ್ಲಪ್ಪ. ನಿಮ್ಮಪ್ಪಂದೂ ಅಲ್ಲ. ಅದಕ್ಕೇ ಇಬ್ರೂ ನಿಧಾನವಾಗಿ ಹೋಗೋಣ" ಎಂದರು. ಆತ ಸಿಗ್ನಲ್ಲಿನವರೆಗೂ ಅವರ ಹಿಂದೆಯೇ, ಸದ್ದಿಲ್ಲದೆ ಹೋದ. ನನ್ನನ್ನೂ ಬಿಟ್ಟವರಲ್ಲ. ಸಂಘದ ಪ್ರಕಟಣೆಗಳನ್ನು ಹಂಚಲು ಕೊಟ್ಟರೆ, "ಇವನ್ನ ಓದೋಕೆ ಕನ್ನಡಕ ಸಾಲದು ಸ್ವಾಮಿ, ಪಕ್ಕದಲ್ಲಿ ನಿಘಂಟೂ ಇಟ್ಕೋಬೇಕು" ಎನ್ನುತ್ತಿದ್ದರು.

ಹೀಗೆ ವರ್ಷಗಟ್ಟಲೆ ಓಡಾಡಿದ್ದರಿಂದ ನಮ್ಮಲ್ಲೊಂದು ಪದ್ಧತಿ ಬೆಳೆಯಿತು. ಯಾರೂ ಅದನ್ನು ಗೊತ್ತುಪಡಿಸಲಿಲ್ಲ, ತಾನಾಗಿ ಬೆಳೆಯಿತು. ಸೈಕಲ್ಲು ಯಾವ ಅಂಗಡಿಯ ಮುಂದೆ ನಿಂತಿದೆಯೋ ದಾರದಮ್ಮ ಅಲ್ಲಿ. ಯಾರೂ ಅವರಿಗೆ ಫೋನು ಮಾಡುತ್ತಿರಲಿಲ್ಲ, ಅವರ ಫೋನು ಗುಂಡಿಯ ಡಬ್ಬಿಗಳ ನಡುವೆ ಮಲಗಿರುತ್ತಿತ್ತು. ಹೊರಗೆ ತಲೆ ಚಾಚಿ, ಬೀದಿಯ ಉದ್ದಕ್ಕೆ ಕಣ್ಣು ಹಾಯಿಸಿದರೆ ಆಯಿತು. ಸೈಕಲ್ಲು ಕಂಡರೆ ಅವರು ಕಂಡಂತೆಯೇ.

ಈಗ ಆ ದಿನಕ್ಕೆ ಬರುತ್ತೇನೆ.

ಬೆಳಗಿನ ಓಡಾಟ ಮುಗಿಸಿ ಮರಳುವಾಗ, ಕನ್ನಡಕದಂಗಡಿಯ ಮುಂದೆ ಸೈಕಲ್ಲಿನ ಸರಪಳಿ ಕಳಚಿತು. ಅದನ್ನು ಅಲ್ಲಿಯೇ ಗೋಡೆಗೆ ಒರಗಿಸಿ, ಕೈ ಒರೆಸುವ ಬಟ್ಟೆಯನ್ನೂ ಸ್ಪ್ಯಾನರನ್ನೂ ತರಲು ಹಿತ್ತಲ ಓಣಿಯಿಂದ ತಮ್ಮ ಅಂಗಡಿಯ ಉಗ್ರಾಣಕ್ಕೆ ಹೋದರು. ಇದು ನಮಗೆ ಆಮೇಲೆ ತಿಳಿದದ್ದು. ಸ್ಪ್ಯಾನರು ಅವರ ಕೈಯಲ್ಲೇ ಇತ್ತು. ಉಗ್ರಾಣದಲ್ಲಿ, ದಾರದ ಪೆಟ್ಟಿಗೆಗಳ ನಡುವೆ ಬಿದ್ದರು. ಮುಂಬಾಗಿಲಲ್ಲಿ "ಈಗ ಬಂದೆ" ಎಂಬ ಹಲಗೆ ತೂಗುತ್ತಿತ್ತು.

ಮಗಳೇ, ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ಕೇಳಿದರು. ಎಲ್ಲರೂ ಕೇಳಿದರು.

ರವಿಕೆಗೆ ಗುಂಡಿ ಹೊಂದಿಸಲು ಬಂದ ಹೆಂಗಸು ನನ್ನ ಬಾಗಿಲಿಗೆ ಬಂದು, "ದಾರದಮ್ಮ ಎಲ್ಲೀ?" ಎಂದರು. ನಾನು ತಲೆ ಚಾಚಿ ನೋಡಿ, "ಅಗೋ, ಕನ್ನಡಕದಂಗಡಿಯಲ್ಲಿದ್ದಾರೆ. ಮಾತಿಗೆ ಕೂತಿರಬೇಕು, ನಾಳೆ ಬನ್ನಿ" ಎಂದೆ. ನಗುತ್ತಲೇ ಎಂದೆ. ಔಷಧದಂಗಡಿಯವರೂ ಗಿರಾಕಿಗಳಿಗೆ ಅದನ್ನೇ ಹೇಳಿದರು. ಕನ್ನಡಕದಂಗಡಿಯವರು ಬಾಗಿಲ ಬಳಿಯ ಸೈಕಲ್ಲು ನೋಡಿ, ಪಕ್ಕದ ಮೆಟ್ಟಿಲು ಹತ್ತಿ ದರ್ಜಿಯ ಹತ್ತಿರ ಹೋಗಿದ್ದಾರೆ ಎಂದುಕೊಂಡರು. ದರ್ಜಿ ಕಿಟಕಿಯಿಂದ ಬಗ್ಗಿ ನೋಡಿ, ಕೆಳಗೆ ಕನ್ನಡಕದವರ ಹತ್ತಿರ ಇದ್ದಾರೆ ಎಂದುಕೊಂಡ. "ಇವತ್ತು ನಮ್ಮ ದಾರದಮ್ಮಂಗೆ ಕೆಳಗಿನವ್ರ ಮೇಲೇ ಪ್ರೀತಿ" ಎಂದು ಹೆಂಡತಿಯೊಡನೆ ತಮಾಷೆ ಮಾಡಿದನಂತೆ. ಆ ಮಾತನ್ನು ನೆನೆದು ಆತ ಇಂದಿಗೂ ಅಳುತ್ತಾನೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದಾನೆ, ತಿರುಗಿ ನೋಡಬೇಡಿ.

ಯಾರೂ ಅವರನ್ನು ಮರೆತಿರಲಿಲ್ಲ. ಮರೆತಿದ್ದರೆ ಬಹುಶಃ ಯಾರಾದರೊಬ್ಬರಿಗೆ ಥಟ್ಟನೆ ನೆನಪಾಗಿ ಎದ್ದು ಹೋಗುತ್ತಿದ್ದರು. ಅವರು ಎಲ್ಲಿದ್ದಾರೆಂದು ನಮಗೆ ಗೊತ್ತು ಎಂದು ನಾವೆಲ್ಲ ನಂಬಿದ್ದೆವು. ಒಬ್ಬರು ಕೇಳಿದ್ದಕ್ಕೆ ಇನ್ನೊಬ್ಬರು ಉತ್ತರ ಕೊಟ್ಟೆವು. ಉತ್ತರ ಸಿಕ್ಕವರು ಹುಡುಕುವುದಿಲ್ಲ. ದೀಪ ಹತ್ತುವ ಹೊತ್ತಿನವರೆಗೂ ಹೀಗೆಯೇ ನಡೆಯಿತು.

ಹುಡುಕಿದವರು ಮಗಳು. ಕೆಲಸ ಮುಗಿಸಿ ಬಂದು ಬಸ್ಸಿನಿಂದ ಇಳಿದರು. ನಾವು ಇಡೀ ದಿನ ನೋಡಿದ ಅದೇ ಸೈಕಲ್ಲನ್ನು ಅವರೂ ನೋಡಿದರು. ನಾವು ನೋಡದಿದ್ದುದನ್ನು ನೋಡಿದರು — ಜೋತುಬಿದ್ದಿದ್ದ ಸರಪಳಿಯನ್ನು. "ಅಮ್ಮ ಸೈಕಲ್ ಹೀಗೆ ಬಿಟ್ಟು ಹರಟೆಗೆ ಕೂರೋಳಲ್ಲ" ಎಂದು ನೇರವಾಗಿ ಹಿತ್ತಲ ಓಣಿಗೆ ಓಡಿದರು. ಆಮೇಲೆ ಬಂದ ವೈದ್ಯರು, "ಸ್ವಲ್ಪ ಮೊದಲೇ ಕಂಡಿದ್ದರೆ —" ಎಂದರು. ಅಷ್ಟು ಹೇಳಿ ಮಗಳ ಮುಖ ನೋಡಿ, ಸುಮ್ಮನೆ ತಮ್ಮ ಚೀಲ ಮುಚ್ಚಿದರು. ಆ ವಾಕ್ಯವನ್ನು ನಾನು ಪೂರ್ತಿ ಮಾಡುವುದಿಲ್ಲ. ಇಲ್ಲಿರುವ ಪ್ರತಿಯೊಬ್ಬರೂ ಮನೆಯಲ್ಲಿ ಅದನ್ನು ಪೂರ್ತಿ ಮಾಡಿಕೊಂಡವರೇ.

ಉತ್ತರ ಇಷ್ಟೆ, ತಾಯೀ. ಇದರಿಂದ ನಿಮಗೆ ನೆಮ್ಮದಿ ಸಿಗುತ್ತದೆ ಎಂದು ಹೇಳುವ ಧೈರ್ಯ ನನಗಿಲ್ಲ. ನಿಮ್ಮ ಅಮ್ಮನ ಮೇಲೆ ಅಕ್ಕರೆ ಇಲ್ಲದವರು ಈ ಬೀದಿಯಲ್ಲಿ ಇರಲಿಲ್ಲ. ಆ ಅಕ್ಕರೆ ಅಂದು ಏನೂ ಮಾಡಲಿಲ್ಲ. ಎರಡೂ ನಿಜ.

ಇನ್ನೊಂದು ಮಾತು. ಆ ಸೈಕಲ್ಲಿಗೆ ಬಿಳಿಬಣ್ಣ ಬಳಿದು, ಬೀದಿಯ ತಿರುವಿನಲ್ಲಿ, ಎಲ್ಲರ ಕಣ್ಣಿಗೆ ಬೀಳುವಂತೆ ಸ್ಮಾರಕವಾಗಿ ನಿಲ್ಲಿಸಬೇಕೆಂದು ಸಂಘ ಒಮ್ಮತದಿಂದ ತೀರ್ಮಾನಿಸಿತ್ತು. ಪೀಠಕ್ಕೆ ಕಲ್ಲನ್ನೂ ಹೇಳಿಯಾಗಿತ್ತು. ಇಂದು ಬೆಳಿಗ್ಗೆ ಮಗಳಿಗೆ ಅದನ್ನು ತಿಳಿಸಿದೆವು. ಅವರು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. "ಬೇಡ ಮಾಮ. ಅದು ಅಲ್ಲಿ ನಿಂತಿದ್ರೆ, ನೀವೆಲ್ಲ ಮತ್ತೆ ಅಮ್ಮ ಅಲ್ಲೇ ಇದ್ದಾಳೆ ಅಂದ್ಕೊಂಡು ಸುಮ್ಮನಾಗ್ತೀರಿ" ಎಂದರು.

ಪೀಠದ ಕಲ್ಲು ಬೇಡವೆಂದು ಆಗಲೇ ಹೇಳಿ ಕಳುಹಿಸಿದೆವು.

ಆದ್ದರಿಂದ ನಮ್ಮ ಬೀದಿಯ ಬಾಗಿಲುಗಳಿಗೆ ಅಂಟಿಸಿರುವ ಪ್ರಕಟಣೆಯ ದಿನಾಂಕಗಳು ಬದಲಾಗಿವೆ. ದಯವಿಟ್ಟು ಹೀಗೆ ತಿದ್ದಿಕೊಳ್ಳಿ.

ಸ್ಮಾರಕದ ಅನಾವರಣ, ಇಪ್ಪತ್ತೈದನೆಯ ತಾರೀಖು, ಸೋಮವಾರ, ಎಂದಿದೆ. ಅದು ಇಲ್ಲ. ಸೈಕಲ್ಲನ್ನು ಮಗಳು ಇಂದೇ ಒಯ್ಯುತ್ತಾರೆ.

ದಾರದಂಗಡಿ ಮೂವತ್ತರವರೆಗೆ ತೆರೆದಿರುತ್ತದೆ ಎಂದಿದೆ. ಇಪ್ಪತ್ತೆರಡು, ಶುಕ್ರವಾರವೇ ಕೊನೆ. ಗುಂಡಿ ಹೊಂದಿಸಲು ಬಟ್ಟೆ ಕೊಟ್ಟವರು ಅಷ್ಟರೊಳಗೆ ಬಂದು ತೆಗೆದುಕೊಳ್ಳಬೇಕು.

ಸಂಘದ ಸಭೆ ಮುಂದಿನ ತಿಂಗಳ ಆರನೆಯ ತಾರೀಖು ಎಂದಿದೆ. ಅಲ್ಲ, ನಾಳೆ, ಹದಿನೆಂಟು, ಸೋಮವಾರ. ಅಂಗಡಿಯಲ್ಲಿ ಒಬ್ಬರೇ ಇರುವವರ ಹಿತ್ತಲಬಾಗಿಲನ್ನು ದಿನವೂ ಯಾರು ಹೋಗಿ ತಟ್ಟಬೇಕು — ಚರ್ಚೆಗೆ ಇದೊಂದೇ ವಿಷಯ.

ಈಗ ಎಲ್ಲರೂ ಎದ್ದು ನಿಲ್ಲಬೇಕೆಂದು ಬೇಡುತ್ತೇನೆ. ಮೌನ ಇಷ್ಟೇ ಹೊತ್ತು ಎಂದು ನಾನು ಅಳೆಯುವುದಿಲ್ಲ, ಗಂಟೆಯನ್ನೂ ಬಾರಿಸುವುದಿಲ್ಲ. ದಾರದಮ್ಮನವರ ಮಗಳು ಕುಳಿತುಕೊಂಡ ಮೇಲೆ ನಾವು ಕೂರೋಣ. ಅಲ್ಲಿಯವರೆಗೆ ಯಾರೂ ಕೂರುವುದು ಬೇಡ.